ಎಷ್ಟು ನೋವು ಅನ್ನೋದಕ್ಕಿಂತ ಯಾವಾಗ ನೋವು: ಮುಟ್ಟಿನ ನೋವಿನ ಒಂದು ಪ್ರಕರಣ

ಇದು ಒಬ್ಬ ಯುವತಿಯ ಪ್ರಕರಣ. ಹೆಸರು, ಊರು, ಕೆಲಸದ ವಿವರ ಯಾವುದನ್ನೂ ಬರೆದಿಲ್ಲ. ಗುರುತು ಸಿಗಬಹುದಾದ ಒಂದೆರಡು ಸಂಗತಿಗಳನ್ನು ಬದಲಿಸಿದ್ದೇನೆ. ಅಪರೂಪದ ಕಾಯಿಲೆ ಅಂತ ಇದನ್ನು ಆರಿಸಿಕೊಂಡಿಲ್ಲ. ತೀರಾ ಮಾಮೂಲಿ ಅನ್ನಿಸಿದ್ದಕ್ಕೇ ಇದು ವರ್ಷಗಟ್ಟಲೆ ಯಾರ ಗಮನಕ್ಕೂ ಬರಲಿಲ್ಲ. ಅದು ಹೇಗಾಯಿತು, ಎಲ್ಲಿ ತಿರುವು ಸಿಕ್ಕಿತು ಅನ್ನೋದು ಬೇರೆಯವರಿಗೂ ಉಪಯೋಗಕ್ಕೆ ಬರಬಹುದು.

ಹಿನ್ನೆಲೆ

ಈಕೆಗೆ ಮುಟ್ಟು ಶುರುವಾದದ್ದು 12ನೇ ವಯಸ್ಸಿಗೆ. ಮೊದಲ ವರ್ಷ ನೋವು ಅಂತ ಹೇಳುವಷ್ಟು ಏನೂ ಇರಲಿಲ್ಲ. ಆಮೇಲೆ ಬಂತು. ಮೊದಲ ದಿನ ಕೆಳಹೊಟ್ಟೆ ಹಿಂಡುವುದು, ಸೊಂಟ ಸೆಳೆತ, ಅದು ತೊಡೆಯವರೆಗೂ ಇಳಿಯುವುದು, ಒಮ್ಮೊಮ್ಮೆ ವಾಂತಿ. ಎರಡನೇ ದಿನ ಸಂಜೆ ಹೊತ್ತಿಗೆ ಎದ್ದು ಓಡಾಡುತ್ತಿದ್ದಳು. ತಿಂಗಳಿಗೆ ಒಂದು ದಿನ ಹಾಳು, ಅಷ್ಟೇ.

ಇದು ಸಾಮಾನ್ಯ ಮುಟ್ಟಿನ ನೋವು ಬರುವ ರೀತಿ. ಮೊದಮೊದಲು ಎಷ್ಟೋ ಹುಡುಗಿಯರಿಗೆ ಅಂಡ ಬಿಡುಗಡೆಯಾಗದೆಯೇ ಮುಟ್ಟಾಗುತ್ತದೆ, ಹಾಗಾಗಿ ನೋವು ಕಡಿಮೆ. ಅಂಡ ಬಿಡುಗಡೆ ಶುರುವಾದ ಮೇಲೆ ಕಥೆ ಬೇರೆ. ಗರ್ಭಕೋಶದ ಒಳಪದರ ಕಳಚುವಾಗ ಪ್ರೊಸ್ಟಾಗ್ಲಾಂಡಿನ್ ಅನ್ನೋ ರಾಸಾಯನಿಕ ಹೊರಬರುತ್ತದೆ. ಅದು ಗರ್ಭಕೋಶದ ಸ್ನಾಯುವನ್ನು ಬಿಗಿಯಾಗಿ ಹಿಂಡಿಸುತ್ತದೆ. ಆ ಹಿಡಿತಕ್ಕೆ ಸ್ನಾಯುವಿಗೆ ರಕ್ತ ಹರಿಯುವುದು ಕಡಿಮೆಯಾಗಿ ನೋವು ಏಳುತ್ತದೆ. ಅದೇ ರಾಸಾಯನಿಕ ಕರುಳನ್ನೂ ಕೆಣಕುತ್ತದೆ, ಅದಕ್ಕೇ ವಾಂತಿ, ಭೇದಿ. ರಕ್ತಸ್ರಾವದ ಜೊತೆಗೆ ಅಥವಾ ಸ್ವಲ್ಪ ಮುಂಚೆ ಶುರುವಾಗಿ ಎರಡು ಮೂರು ದಿನದಲ್ಲಿ ಇಳಿದು ಹೋಗುವ ಈ ನೋವು ಕಾಯಿಲೆ ಅಲ್ಲ. ಹಾಗಂತ ಸುಳ್ಳು ನೋವೂ ಅಲ್ಲ.

ಮನೆಯಲ್ಲಿ ತಾಯಿ ಹೇಳುತ್ತಿದ್ದ ಮಾತು: "ನನಗೂ ಹಾಗೇ ಆಗ್ತಿತ್ತು, ಮಗು ಆದ್ಮೇಲೆ ಸರಿ ಹೋಯ್ತು." ಮಗಳಿಗೆ ಧೈರ್ಯ ತುಂಬೋಕೆ ಆಡಿದ ಮಾತು ಅದು. ಆ ಮಾತಿನಲ್ಲಿ ಒಂದು ವಿಷಯ ಬಿಟ್ಟುಹೋಗಿತ್ತು, ಅದು ಆಮೇಲೆ ಬರುತ್ತದೆ.

ನೋವು ಜಾಗ ಬದಲಿಸಿತು

19 ದಾಟುವ ಹೊತ್ತಿಗೆ ನೋವಿನ ರೀತಿ ಬದಲಾಗತೊಡಗಿತು. ಒಂದೇ ತಿಂಗಳಲ್ಲಿ ಅಲ್ಲ, ನಿಧಾನವಾಗಿ. ಮೊದಲು ರಕ್ತ ಕಂಡ ದಿನ ಬರುತ್ತಿದ್ದ ನೋವು ಈಗ ಎರಡು ಮೂರು ದಿನ ಮುಂಚೆಯೇ ಬರುತ್ತಿತ್ತು. ನಾಲ್ಕನೇ ಐದನೇ ದಿನಕ್ಕೂ ಬಿಡುತ್ತಿರಲಿಲ್ಲ. ಆ ದಿನಗಳಲ್ಲಿ ಮಲವಿಸರ್ಜನೆಗೆ ಕೂತರೆ ಒಳಗೆ ಚುಚ್ಚಿದ ಹಾಗೆ ನೋವು. ಟಾಯ್ಲೆಟ್‌ಗೆ ಹೋಗೋಕೆ ಹೆದರಿ ಊಟ ಕಡಿಮೆ ಮಾಡುತ್ತಿದ್ದಳು. ತಿಂಗಳ ನಡುವೆಯೂ ಒಂದೆರಡು ದಿನ ಕೆಳಹೊಟ್ಟೆ ಭಾರ.

ಇದನ್ನು ಈಕೆ ಯಾರಿಗೂ ಹೀಗೆ ಬಿಡಿಸಿ ಹೇಳಿರಲಿಲ್ಲ. "ನೋವು ಜಾಸ್ತಿ ಆಗಿದೆ" ಅಂತಷ್ಟೇ ಹೇಳುತ್ತಿದ್ದಳು. ಕೇಳಿದವರು "ಹತ್ತಕ್ಕೆ ಎಷ್ಟು?" ಅನ್ನುತ್ತಿದ್ದರು. ಒಂದು ಸಲ ಎಂಟು ಅನ್ನುತ್ತಿದ್ದಳು, ಇನ್ನೊಂದು ಸಲ ಆರು. ಆರು ಅಂದ ದಿನ ವಿಷಯ ಅಲ್ಲಿಗೇ ನಿಲ್ಲುತ್ತಿತ್ತು. ನೋವಿಲ್ಲದ ದಿನ ಡಾಕ್ಟರ್ ಮುಂದೆ ಕೂತು ನೋವಿಗೆ ಅಂಕ ಕೊಡೋದು ಕಷ್ಟ ಅಲ್ವಾ?

ಏನೇನು ಮಾಡಿ ನೋಡಿದರು

ಮೊದಲು ಮಾತ್ರೆ. ಐಬುಪ್ರೊಫೆನ್ 200 ಮಿಲಿಗ್ರಾಂ, ಒಂದೇ ಒಂದು. ಅದೂ ನೋವು ತಡೆಯೋಕೆ ಆಗದೆ ಮಡಚಿಕೊಂಡು ಮಲಗಿದ ಮೇಲೆ. "ಮಾತ್ರೆ ಅಭ್ಯಾಸ ಆಗಿಬಿಡುತ್ತೆ" ಅನ್ನೋ ಭಯ ಮನೆಯವರಿಗೂ ಇತ್ತು, ಈಕೆಗೂ ಇತ್ತು. ಅಷ್ಟು ಹೊತ್ತಿಗೆ ವಾಂತಿ ಶುರುವಾಗಿರುತ್ತಿತ್ತು, ಮಾತ್ರೆ ಹೊಟ್ಟೆಯಲ್ಲಿ ಉಳಿಯುತ್ತಲೂ ಇರಲಿಲ್ಲ. ಹಾಗಾಗಿ ತನಗೆ ಪೇನ್ ಕಿಲ್ಲರ್ ಕೆಲಸ ಮಾಡಲ್ಲ ಅಂತ ತೀರ್ಮಾನ ಮಾಡಿಕೊಂಡಳು.

ಈ ತೀರ್ಮಾನದ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕಂದ್ರೆ ಇಲ್ಲೇ ಬಹಳ ಜನ ಎಡವುತ್ತಾರೆ. ಐಬುಪ್ರೊಫೆನ್, ನ್ಯಾಪ್ರಾಕ್ಸೆನ್, ಮೆಫೆನಾಮಿಕ್ ಆಸಿಡ್ ಒಂದೇ ಜಾತಿಯ ಮಾತ್ರೆಗಳು. ಇವು ಮಾಡುವ ಕೆಲಸ ಪ್ರೊಸ್ಟಾಗ್ಲಾಂಡಿನ್ ತಯಾರಾಗುವುದನ್ನು ತಡೆಯೋದು. ಆಗಲೇ ತಯಾರಾಗಿ ಹರಡಿದ್ದನ್ನು ವಾಪಸ್ ತೆಗೆಯೋಕೆ ಇವಕ್ಕೆ ಬರುವುದಿಲ್ಲ. ಅಂದರೆ ನೋವು ಏರುವ ಮುಂಚೆ ತೆಗೆದುಕೊಂಡರೆ ಫಲ ಜಾಸ್ತಿ, ಏರಿದ ಮೇಲೆ ತೆಗೆದುಕೊಂಡರೆ ಕಡಿಮೆ. ತಿಂಗಳಿಗೆ ಎರಡು ಮೂರು ದಿನ ತಿಂದರೆ ಇವು ಚಟ ಹಿಡಿಸುವ ಮಾತ್ರೆಗಳೂ ಅಲ್ಲ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಇರುವವರು, ಇಂಥ ಮಾತ್ರೆಗೆ ಉಬ್ಬಸ ಕೆರಳುವವರು ಮಾತ್ರ ಡಾಕ್ಟರನ್ನು ಕೇಳದೆ ಮುಟ್ಟಬಾರದು. ಬಿಸಿ ಶಾಖವನ್ನೂ ಹಗುರವಾಗಿ ನೋಡಬೇಡಿ. ಕೆಳಹೊಟ್ಟೆಗೆ ಹದವಾದ ಬಿಸಿ ಕೊಟ್ಟರೆ ನೋವು ಇಳಿಯುತ್ತದೆ ಅನ್ನೋದು ಅಧ್ಯಯನಗಳಲ್ಲೂ ಕಂಡಿದೆ.

ಆಮೇಲೆ ಡಾಕ್ಟರುಗಳ ಸರದಿ. ಮೊದಲನೆಯವರು ಪ್ಯಾರಸಿಟಮಾಲ್ ಮತ್ತು ಸೆಳೆತದ ಮಾತ್ರೆ ಬರೆದರು. ಎರಡನೆಯವರು ಹೊಟ್ಟೆಯ ತಜ್ಞರು. ಭೇದಿ, ಹೊಟ್ಟೆ ಉಬ್ಬರ ಕೇಳಿ ಕರುಳಿನ ಸೂಕ್ಷ್ಮತೆ ಅಂದರು. ಆ ಭೇದಿ ಮುಟ್ಟಿನ ದಿನಗಳಲ್ಲೇ ಬರುತ್ತದಾ ಅಂತ ಅವರು ಕೇಳಲಿಲ್ಲ, ಈಕೆಗೂ ಹೇಳಬೇಕು ಅನ್ನಿಸಲಿಲ್ಲ. ಮೂರನೆಯವರು ಸ್ತ್ರೀರೋಗ ತಜ್ಞರು. ಹೊಟ್ಟೆಯ ಮೇಲಿಂದ ಸ್ಕ್ಯಾನ್ ಮಾಡಿಸಿದರು. ಗರ್ಭಕೋಶ, ಅಂಡಾಶಯ ಎರಡೂ ಸರಿಯಾಗಿವೆ, ಗಡ್ಡೆ ಇಲ್ಲ, ಏನೂ ತೊಂದರೆ ಇಲ್ಲ.

ಈ "ಏನೂ ಇಲ್ಲ" ಅನ್ನೋ ಮಾತು ಮಾಡಿದ ಹಾನಿ ದೊಡ್ಡದು ಅಂತ ನನ್ನ ಅನಿಸಿಕೆ. ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ ಅನ್ನುವುದೇ ಬೇರೆ, ಏನೂ ಇಲ್ಲ ಅನ್ನುವುದೇ ಬೇರೆ. ಆಮೇಲೆ ಸುಮಾರು ಎರಡು ವರ್ಷ ಈಕೆ ಡಾಕ್ಟರ ಹತ್ತಿರ ಹೋಗಲೇ ಇಲ್ಲ. ರಿಪೋರ್ಟ್ ಸರಿಯಿದೆ ಅಂದಮೇಲೆ ತಾನೇ ಸಹಿಸಿಕೊಳ್ಳೋಕೆ ಬರದವಳು ಅಂತ ತಿಳಿದಳು.

ಒಂದು ಹಾಳೆ

ತಿರುವು ಬಂದದ್ದು ಆಸ್ಪತ್ರೆಯಲ್ಲಿ ಅಲ್ಲ, ಕೆಲಸದ ಜಾಗದಲ್ಲಿ. ಪದೇ ಪದೇ ರಜೆ ಯಾಕೆ ಅಂತ ಮೇಲಿನವರು ಕೇಳಿದರು. ಕೇಳಿದ ರೀತಿ ಒರಟಾಗೇನೂ ಇರಲಿಲ್ಲ. ಉತ್ತರ ಕೊಡೋಕೆ ಅಂತ ಈಕೆ ತನ್ನ ರಜೆಯ ಲೆಕ್ಕ ತೆಗೆದಳು. ಫೋನಿನಲ್ಲಿ ಮುಟ್ಟಿನ ದಿನಾಂಕ ಬರೆದಿಡುವ ಆ್ಯಪ್ ಇತ್ತು. ಎರಡನ್ನೂ ಪಕ್ಕಪಕ್ಕ ಒಂದು ಹಾಳೆಗೆ ಇಳಿಸಿದಳು.

ಆ ಹಾಳೆ ನಾನು ನೋಡಿದ್ದೇನೆ. ಗೆರೆ ಹಾಕಿದ ನೋಟ್‌ಬುಕ್ಕಿನಿಂದ ಹರಿದದ್ದು. ಎಡಗಡೆ ರಕ್ತ ಕಂಡ ದಿನ ಕೆಂಪು ಪೆನ್ನಿನಲ್ಲಿ, ಬಲಗಡೆ ರಜೆ ಹಾಕಿದ ದಿನ ನೀಲಿಯಲ್ಲಿ. ನೀಲಿ ಗುರುತು ಹೆಚ್ಚು ಕಡಿಮೆ ಪ್ರತಿ ತಿಂಗಳೂ ಕೆಂಪಿಗಿಂತ ಮೇಲಿನ ಸಾಲಿನಲ್ಲಿ ಇತ್ತು. ಅಂದರೆ ಮುಟ್ಟಿಗೆ ಮುಂಚೆಯೇ ರಜೆ. ಕೆಳಗೆ ಸಣ್ಣ ಅಕ್ಷರದಲ್ಲಿ ಆಮೇಲೆ ಸೇರಿಸಿದ ಟಿಪ್ಪಣಿಗಳು: "ಟಾಯ್ಲೆಟ್ ನೋವು", "ಕೂರೋಕೆ ಆಗಲಿಲ್ಲ", "ಮಾತ್ರೆ ವಾಂತಿ". ಒಂದು ಕಡೆ "ಕಣ್ಣ ಮುಂದೆ ಮಿಂಚು, ತಲೆನೋವು" ಅಂತಲೂ ಇತ್ತು. ಅದನ್ನು ಯಾಕೆ ಬರೆದಳೋ, ಮುಟ್ಟಿನ ನೋವಿನ ಚಿಕಿತ್ಸೆಗೂ ಅದಕ್ಕೂ ಸಂಬಂಧ ಇದೆ ಅಂತ ಅವಳಿಗೆ ಗೊತ್ತಿರಲಿಲ್ಲ. ಮುಂದೆ ಔಷಧ ಆರಿಸುವಾಗ ಇಡೀ ಹಾಳೆಯಲ್ಲಿ ತುಂಬಾ ಕೆಲಸಕ್ಕೆ ಬಂದ ಸಾಲು ಅದೇ.

ನಾಲ್ಕನೇ ಡಾಕ್ಟರ್

ತಾಯಿಯನ್ನು ಕರೆದುಕೊಂಡು ಬೇರೊಬ್ಬ ಸ್ತ್ರೀರೋಗ ತಜ್ಞೆಯ ಹತ್ತಿರ ಹೋದಳು. ಆಗ ವಯಸ್ಸು 23. ಅವರು ಹಾಳೆಯನ್ನು ಮೇಜಿನ ಮೇಲೆ ಹರಡಿಕೊಂಡು ಸುಮಾರು ಹೊತ್ತು ನೋಡಿದರು. ಹತ್ತಕ್ಕೆ ಎಷ್ಟು ಅಂತ ಕೇಳಲಿಲ್ಲ. "ನೋವು ಯಾವತ್ತು ಶುರುವಾಗುತ್ತೆ ಹೇಳಮ್ಮ, ಯಾವತ್ತು ಬಿಡುತ್ತೆ? ಆ ದಿನ ನಿನ್ನಿಂದ ಏನು ಮಾಡೋಕಾಗಲ್ಲ?" ಅಂತ ಕೇಳಿದರು. ಮೂತ್ರ ಮಾಡುವಾಗ ನೋವಿದೆಯಾ, ಮಲದಲ್ಲಿ ರಕ್ತ ಬರುತ್ತದಾ, ಒಂದು ಪ್ಯಾಡ್ ಎಷ್ಟು ಹೊತ್ತು ಬರುತ್ತದೆ, ಎಲ್ಲ ಕೇಳಿದರು.

ಆಮೇಲೆ ತಾಯಿಯನ್ನು ಸ್ವಲ್ಪ ಹೊರಗೆ ಕೂರಿ ಅಂದರು. ಲೈಂಗಿಕ ಸಂಬಂಧ ಇದೆಯಾ, ಇದ್ದರೆ ಆಗ ನೋವಾಗುತ್ತದಾ ಅನ್ನೋ ಪ್ರಶ್ನೆ ಹಾಕಿದ್ದು ಆಗ. ಇಲ್ಲ ಅನ್ನೋದು ಉತ್ತರವಾಗಿತ್ತು. ಉತ್ತರ ಏನೇ ಇರಲಿ, ಅದನ್ನು ಒಬ್ಬಳನ್ನೇ ಕೂರಿಸಿ ಕೇಳಬೇಕು. ಮನೆಯವರ ಎದುರು ಕೇಳಿದರೆ ಬರುವ ಉತ್ತರವನ್ನು ನಂಬಿ ಚಿಕಿತ್ಸೆ ಕೊಡೋಕೆ ಆಗಲ್ಲ.

ತಾಯಿ ವಾಪಸ್ ಬಂದಾಗ ಅವರಿಗೂ ಒಂದು ಪ್ರಶ್ನೆ: ನಿಮಗೆ ಯಾವತ್ತಾದರೂ ಹೊಟ್ಟೆಯ ಆಪರೇಷನ್ ಆಗಿದೆಯಾ? ಆಗಿತ್ತು. ಮದುವೆಯಾದ ಹೊಸತರಲ್ಲಿ ಅಂಡಾಶಯದಿಂದ ಗಡ್ಡೆ ತೆಗೆಸಿದ್ದರು. ಕಂದು ಬಣ್ಣದ ಹಳೇ ರಕ್ತ ತುಂಬಿದ ಗಡ್ಡೆ ಅಂತ ಅವತ್ತಿನ ಡಾಕ್ಟರ್ ಹೇಳಿದ್ದು ಅವರಿಗೆ ನೆನಪಿತ್ತು. ಎಂಡೋಮೆಟ್ರಿಯೋಸಿಸ್ ಅನ್ನೋ ಕಾಯಿಲೆ ಅಂಡಾಶಯಕ್ಕೆ ಬಂದಾಗ ಇಂಥ ಗಡ್ಡೆ ಆಗುತ್ತದೆ, ಚಾಕೊಲೇಟ್ ಸಿಸ್ಟ್ ಅಂತ ಕರೆಯುತ್ತಾರೆ. ಅಮ್ಮನಿಗೋ ಅಕ್ಕನಿಗೋ ಇದ್ದರೆ ತಮಗೂ ಬರುವ ಸಾಧ್ಯತೆ ಉಳಿದವರಿಗಿಂತ ಜಾಸ್ತಿ. ಇಷ್ಟು ವರ್ಷ ಈ ಸಂಗತಿ ಮಗಳ ಯಾವ ಚೀಟಿಯಲ್ಲೂ ಬಂದಿರಲಿಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೇ.

ಎಂಡೋಮೆಟ್ರಿಯೋಸಿಸ್ ಅಂದರೆ ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಹೊರಗಡೆ, ಅಂದರೆ ಅಂಡಾಶಯದ ಮೇಲೆ, ಕರುಳಿನ ಹತ್ತಿರ, ಗರ್ಭಕೋಶದ ಹಿಂದೆ ಬೆಳೆಯುವುದು. ಹಾರ್ಮೋನುಗಳ ಏರಿಳಿತಕ್ಕೆ ಅದೂ ಸ್ಪಂದಿಸುತ್ತದೆ, ಸುತ್ತ ಉರಿಯೂತ ಎಬ್ಬಿಸುತ್ತದೆ. ಮಕ್ಕಳಾಗುವ ವಯಸ್ಸಿನ ಸುಮಾರು 10 ಶೇಕಡ ಹೆಣ್ಣುಮಕ್ಕಳಿಗೆ, ಅಂದರೆ ಜಗತ್ತಿನಲ್ಲಿ 19 ಕೋಟಿಯಷ್ಟು ಜನಕ್ಕೆ ಇದು ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡುತ್ತದೆ. ಒಳಗೆ ಎಷ್ಟು ಹರಡಿದೆ ಅನ್ನೋದಕ್ಕೂ ನೋವು ಎಷ್ಟಿದೆ ಅನ್ನೋದಕ್ಕೂ ತಾಳಮೇಳ ಇರುವುದಿಲ್ಲ. ಸ್ವಲ್ಪವೇ ಇದ್ದು ನೆಲ ಹಿಡಿದವರಿದ್ದಾರೆ, ತುಂಬಾ ಹರಡಿದ್ದೂ ನೋವೇ ಗೊತ್ತಿಲ್ಲದವರಿದ್ದಾರೆ. ಹಾಗಾಗಿ ಹತ್ತಕ್ಕೆ ಎಷ್ಟು ಅನ್ನೋ ಲೆಕ್ಕ ಇಲ್ಲಿ ದಾರಿ ತೋರಿಸುವುದಿಲ್ಲ.

ಹಳೇ ಸ್ಕ್ಯಾನ್ ರಿಪೋರ್ಟನ್ನು ಡಾಕ್ಟರ್ ತಳ್ಳಿಹಾಕಲಿಲ್ಲ. ಗಡ್ಡೆ ಇಲ್ಲ ಅಂತ ಅದು ಹೇಳಿದ್ದು ನಿಜ. ಆದರೆ ಹೊಟ್ಟೆಯ ಒಳಗೋಡೆಯ ಮೇಲೆ ತೆಳ್ಳಗೆ ಚುಕ್ಕೆಚುಕ್ಕೆಯಾಗಿ ಇರುವ ರೋಗ ಸ್ಕ್ಯಾನ್‌ಗೆ ಕಾಣುವುದು ಕಷ್ಟ ಅಂದರು. ಯೋನಿಯ ಮೂಲಕ ಮಾಡುವ ಸ್ಕ್ಯಾನ್ ಇನ್ನೂ ಚೆನ್ನಾಗಿ ತೋರಿಸಬಹುದು, ಆದರೆ ಬಲವಂತ ಇಲ್ಲ ಅಂತಲೂ ಹೇಳಿದರು. ಈಕೆ ಬೇಡ ಅಂದಳು. ಎಂಆರ್‌ಐ ಆಯಿತು. ಅದರಲ್ಲೂ ಇದೇ ಅಂತ ಬೆರಳಿಟ್ಟು ತೋರಿಸುವಂಥದ್ದು ಏನೂ ಸಿಗಲಿಲ್ಲ.

ನಿರ್ಧಾರ

ಈಗ ಎರಡು ದಾರಿ. ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ ನೋಡುವ ಲ್ಯಾಪರೋಸ್ಕೋಪಿ ಒಂದು. ಅನುಮಾನದ ಮೇಲೆಯೇ ಚಿಕಿತ್ಸೆ ಶುರು ಮಾಡುವುದು ಇನ್ನೊಂದು. ಹಿಂದೆಲ್ಲ ಲ್ಯಾಪರೋಸ್ಕೋಪಿ ಮಾಡದೆ ಈ ರೋಗದ ಹೆಸರು ಹೇಳುವಂತಿಲ್ಲ ಅನ್ನೋ ಪದ್ಧತಿ ಇತ್ತು. ಯುರೋಪಿನ ಸಂತಾನ ವೈದ್ಯಕೀಯ ತಜ್ಞರ ಸಂಘವಾದ ಎಶ್ರೆ 2022ರ ತನ್ನ ಮಾರ್ಗಸೂಚಿಯಲ್ಲಿ ಅದನ್ನು ಸಡಿಲಿಸಿತು. ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದಾಗ, ಔಷಧ ಫಲ ಕೊಡದಿದ್ದಾಗ ಅಥವಾ ಔಷಧ ಸರಿಹೊಂದದಿದ್ದಾಗ ಆಪರೇಷನ್ ಯೋಚಿಸಬಹುದು, ಎಲ್ಲರಿಗೂ ಮೊದಲೇ ಬೇಕಿಲ್ಲ ಅನ್ನೋದು ಅದರ ತಾತ್ಪರ್ಯ.

ಈಕೆಗೆ ಮೊದಲು ಆಪರೇಷನ್ನೇ ಬೇಕಿತ್ತು. ನೋವು ಹೋಗಲಿ ಅಂತ ಅಷ್ಟೇ ಅಲ್ಲ. "ಇದೆ ಅಂತ ಒಂದು ಕಾಗದ ಸಿಗಲಿ ಮೇಡಂ, ನಾನು ನಾಟಕ ಮಾಡ್ತಿಲ್ಲ ಅಂತ ತೋರಿಸ್ಬೇಕು" ಅಂದಳು. ಡಾಕ್ಟರ್ ನಗಲಿಲ್ಲ, ಗದರಲೂ ಇಲ್ಲ. ಆಪರೇಷನ್ ಮಾಡಿದರೂ ಆಮೇಲೆ ರೋಗ ಮರುಕಳಿಸಬಹುದು, ಹಾರ್ಮೋನು ಮಾತ್ರೆ ಆಗಲೂ ಬೇಕಾಗಬಹುದು, ಒಳಗಿನ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುವ ಅಪಾಯವೂ ಇದೆ ಅಂತ ವಿವರಿಸಿದರು. ಮೊದಲು ಮಾತ್ರೆ ನೋಡೋಣ, ಬಾಗಿಲು ಮುಚ್ಚಿಲ್ಲ ಅಂದರು. ಈಕೆ ಒಂದು ವಾರ ಯೋಚಿಸಿ ಒಪ್ಪಿದಳು.

ಮಾತ್ರೆ ಆರಿಸುವಾಗ ಆ ಮಿಂಚಿನ ಸಾಲು ಬಂತು. ಇಂಥ ನೋವಿಗೆ ಹೆಚ್ಚಾಗಿ ಕೊಡುವುದು ಎರಡು ಹಾರ್ಮೋನು ಸೇರಿದ ಗರ್ಭನಿರೋಧಕ ಮಾತ್ರೆ. ಕಣ್ಣ ಮುಂದೆ ಮಿಂಚು, ಅಂಕುಡೊಂಕು ಗೆರೆ ಕಂಡು ಆಮೇಲೆ ತಲೆನೋವು ಬರುವ ಮೈಗ್ರೇನ್ ಇರುವವರಿಗೆ ಅದನ್ನು ಕೊಡುವಂತಿಲ್ಲ. ಅದರಲ್ಲಿರುವ ಈಸ್ಟ್ರೊಜೆನ್‌ನಿಂದ ಮೆದುಳಿನ ಪಾರ್ಶ್ವವಾಯು ಅಪಾಯ ಏರುತ್ತದೆ. ಆದ್ದರಿಂದ ಈಸ್ಟ್ರೊಜೆನ್ ಇಲ್ಲದ ಡೈನೊಜೆಸ್ಟ್ ಅನ್ನೋ ಹಾರ್ಮೋನು ಮಾತ್ರೆ, 2 ಮಿಲಿಗ್ರಾಂ, ದಿನಕ್ಕೊಂದು. ಇದನ್ನು ಗರ್ಭನಿರೋಧಕ ಅಂತ ನೆಚ್ಚಿಕೊಳ್ಳಬೇಡ ಅಂತ ಬಿಡಿಸಿ ಹೇಳಿದರು.

ಐಬುಪ್ರೊಫೆನ್ ಬಿಡಿಸಲಿಲ್ಲ, ತಿನ್ನುವ ರೀತಿ ಬದಲಿಸಿದರು. ನೋವಿನ ಮೊದಲ ಸುಳಿವಿಗೇ 400 ಮಿಲಿಗ್ರಾಂ, ಏನಾದರೂ ತಿಂದ ಮೇಲೆ. ಬೇಕಾದರೆ 8 ಗಂಟೆಗೊಮ್ಮೆ, ಎರಡು ಮೂರು ದಿನ. ಈ ಪ್ರಮಾಣ ಈಕೆಗೆ ಅಂತ ಕೊಟ್ಟದ್ದು.

ಆಮೇಲೆ

ಮೊದಲ ಮೂರು ತಿಂಗಳು ಚೆನ್ನಾಗಿರಲಿಲ್ಲ. ಮುಟ್ಟು ಇಂಥ ದಿನ ಅಂತಿಲ್ಲದೆ ಸ್ವಲ್ಪ ಸ್ವಲ್ಪ ರಕ್ತ ಕಾಣಿಸಿಕೊಳ್ಳುತ್ತಿತ್ತು. ಡೈನೊಜೆಸ್ಟ್ ಶುರುಮಾಡಿದ ಹಲವರಿಗೆ ಹೀಗಾಗುತ್ತದೆ. ಹೀಗಾಗುತ್ತದೆ ಅಂತ ಮೊದಲೇ ಹೇಳಿದ್ದರು, ಆದರೂ ಎರಡನೇ ತಿಂಗಳಲ್ಲಿ ಮಾತ್ರೆ ನಿಲ್ಲಿಸುವ ಹಂತಕ್ಕೆ ಬಂದಿದ್ದಳು. ನಿಲ್ಲಿಸುವ ಮುಂಚೆ ಫೋನ್ ಮಾಡಿದಳು. ಮನಸ್ಸು ಕುಗ್ಗಿದೆಯಾ ಅಂತ ಅವತ್ತು ನರ್ಸ್ ಕೇಳಿದ್ದು ಸರಿಯಾದ ಪ್ರಶ್ನೆ, ಯಾಕಂದ್ರೆ ಈ ಮಾತ್ರೆಯಿಂದ ಕೆಲವರಿಗೆ ಖಿನ್ನತೆ ಬರುತ್ತದೆ, ಆಗ ಮುಂದುವರಿಸುವ ಬಗ್ಗೆ ಮತ್ತೆ ಯೋಚಿಸಬೇಕು. ಈಕೆಗೆ ಕಿರಿಕಿರಿ ಇತ್ತೇ ಹೊರತು ಅದಿರಲಿಲ್ಲ. ಮುಂದುವರಿಸಿದಳು.

ಆರನೇ ತಿಂಗಳ ಹೊತ್ತಿಗೆ ರಕ್ತಸ್ರಾವ ಬಹುತೇಕ ನಿಂತಿತ್ತು. ರಜೆ ಹಾಕುವ ನೋವು ಹೋಗಿತ್ತು. ಆದರೆ ಪೂರ್ತಿ ಹೋಗಲಿಲ್ಲ. ಮಲವಿಸರ್ಜನೆಯ ನೋವು ಆಗೊಮ್ಮೆ ಈಗೊಮ್ಮೆ ಉಳಿದಿತ್ತು. ಪರೀಕ್ಷೆ ಮಾಡಿದಾಗ ಸೊಂಟದ ತಳದ ಸ್ನಾಯುಗಳು ಬಿಗಿ ಹಿಡಿದುಕೊಂಡಿರೋದು ಗೊತ್ತಾಯಿತು. ವರ್ಷಗಟ್ಟಲೆ ನೋವಿಗೆ ಮೈ ಬಿಗಿ ಹಿಡಿದು ಕೂತವರಿಗೆ ಹೀಗಾಗುವುದುಂಟು, ಮೂಲ ಕಾರಣ ತಣ್ಣಗಾದರೂ ಸ್ನಾಯು ಸಡಿಲಾಗುವುದಿಲ್ಲ. ಫಿಸಿಯೋಥೆರಪಿ ಶುರುವಾಯಿತು. ಅದರಿಂದ ನಿಧಾನವಾಗಿ ಉಪಯೋಗ ಆಗುತ್ತಿದೆ.

ಆಪರೇಷನ್ ಇವತ್ತಿನವರೆಗೂ ಆಗಿಲ್ಲ. ಚೀಟಿಯಲ್ಲಿ ಎಂಡೋಮೆಟ್ರಿಯೋಸಿಸ್ ಅನ್ನೋದರ ಮುಂದೆ "ಶಂಕಿತ" ಅಂತಲೇ ಇದೆ. ಈಕೆಗೆ ಅದು ಈಗಲೂ ಸ್ವಲ್ಪ ಇರಿಸುಮುರಿಸು. ಮಾತ್ರೆ ಎಷ್ಟು ವರ್ಷ, ಮೂಳೆಯ ಗಟ್ಟಿತನ ಯಾವಾಗ ನೋಡಿಸಬೇಕು, ಮುಂದೆ ಮಗು ಬೇಕು ಅನ್ನಿಸಿದಾಗ ಏನು, ಎಲ್ಲ ಇನ್ನೂ ಮಾತಾಡಬೇಕಾದ ವಿಷಯಗಳು.

ಬೇರೆಯವರು ಯಾವಾಗ ಹೋಗಬೇಕು

ಈ ಪ್ರಕರಣದಿಂದ ನಾನು ತೆಗೆದುಕೊಳ್ಳುವುದು ಮುಖ್ಯವಾಗಿ ಒಂದೇ. ನೋವಿನ ಹೊತ್ತು ಬದಲಾದರೆ ಅದೇ ಸುಳಿವು. ರಕ್ತಕ್ಕಿಂತ ದಿನಗಳ ಮುಂಚೆ ಬರುವುದು, ಮುಟ್ಟು ಮುಗಿದರೂ ಬಿಡದಿರುವುದು, ತಿಂಗಳ ನಡುವೆ ಬರುವುದು, ವರ್ಷದಿಂದ ವರ್ಷಕ್ಕೆ ಜಾಸ್ತಿಯಾಗುವುದು, ಮಲ ಮೂತ್ರ ಅಥವಾ ಸಂಭೋಗದ ಹೊತ್ತಿಗೆ ನೋವು. ಇವುಗಳಲ್ಲಿ ಒಂದಿದ್ದರೂ ಡಾಕ್ಟರ ಹತ್ತಿರ ಹೋಗೋಕೆ ಸಾಕು. ವರ್ಷಗಳ ಕಾಲ ನೋವಿಲ್ಲದೆ ಇದ್ದು 25 ದಾಟಿದ ಮೇಲೆ ಹೊಸದಾಗಿ ಶುರುವಾದರೂ ಹಾಗೇ, ಅದಕ್ಕೆ ಫೈಬ್ರಾಯ್ಡ್ (ಗರ್ಭಕೋಶದ ಗಡ್ಡೆ), ಅಡಿನೊಮಯೋಸಿಸ್ (ಒಳಪದರದಂಥ ಅಂಗಾಂಶ ಗರ್ಭಕೋಶದ ಸ್ನಾಯುವಿನೊಳಗೆ ಬೆಳೆಯುವುದು), ಸೋಂಕು ಹೀಗೆ ಬೇರೆ ಕಾರಣಗಳೂ ಇರಬಹುದು. ಶಾಲೆ, ಕೆಲಸ ತಪ್ಪುತ್ತಿದ್ದರೆ ಬೇರೆ ಯಾವ ಲಕ್ಷಣವೂ ಬೇಕಿಲ್ಲ. ಮಾತ್ರೆಯನ್ನು ಸರಿಯಾದ ಹೊತ್ತಿಗೆ, ಸರಿಯಾದ ಪ್ರಮಾಣದಲ್ಲಿ ಎರಡು ಮೂರು ತಿಂಗಳು ತಿಂದು ನೋಡಿ. ಇಳಿಯದಿದ್ದರೆ ಮತ್ತೆ ಹೋಗಿ, ಹಳೇ ರಿಪೋರ್ಟ್ ಸರಿಯಿದ್ದರೂ ಹೋಗಿ.

ಕೆಲವಕ್ಕೆ ಅಪಾಯಿಂಟ್‌ಮೆಂಟ್ ಕಾಯುವಂತಿಲ್ಲ. ಇದ್ದಕ್ಕಿದ್ದ ಹಾಗೆ ಒಂದೇ ಪಕ್ಕದಲ್ಲಿ ತೀವ್ರ ನೋವು ವಾಂತಿಯೊಂದಿಗೆ ಬಂದರೆ ಅಂಡಾಶಯ ತಿರುಚಿಕೊಂಡಿರಬಹುದು. ಮುಟ್ಟು ತಪ್ಪಿ ನೋವು ಬಂದರೆ, ಗರ್ಭ ಗರ್ಭಕೋಶದ ಹೊರಗೆ ನಿಂತಿರುವ ಸಾಧ್ಯತೆ ಇದೆ. ಜ್ವರ ಮತ್ತು ಕೆಟ್ಟ ವಾಸನೆಯ ಸ್ರಾವ, ತಲೆಸುತ್ತಿ ಬೀಳುವುದು, ಗಂಟೆಗೊಂದು ಪ್ಯಾಡ್ ತೊಯ್ದು ಎರಡು ಮೂರು ಗಂಟೆ ಹಾಗೇ ಮುಂದುವರಿಯುವುದು, ಇವೆಲ್ಲ ಅವತ್ತೇ ಆಸ್ಪತ್ರೆಗೆ ಹೋಗಬೇಕಾದ ಸಂಗತಿಗಳು.

ಇನ್ನೊಂದು ವಿಷಯ ಉಳಿದಿದೆ. ಈಕೆಗೆ 14 ವರ್ಷದ ತಂಗಿ ಇದ್ದಾಳೆ. ಅವಳಿಗೂ ಮೊದಲ ದಿನ ನೋವು ಶುರುವಾಗಿದೆ. ತಾಯಿ ಈ ಸಲ ಹೆದರಿ, ಎಲ್ಲ ಸ್ಕ್ಯಾನ್ ಈಗಲೇ ಮಾಡಿಸಿಬಿಡೋಣ ಅಂದರು. ಡಾಕ್ಟರ್ ಬೇಡ ಅಂದರು. ಅವಳ ನೋವು ರಕ್ತದ ಜೊತೆಗೇ ಬಂದು ಎರಡನೇ ದಿನ ಹೋಗುತ್ತದೆ, ಸದ್ಯಕ್ಕೆ ಸಹಜ ನೋವಿನ ರೀತಿಯೇ. ಅವಳ ವಯಸ್ಸು, ತೂಕಕ್ಕೆ ತಕ್ಕ ಪ್ರಮಾಣದ ಐಬುಪ್ರೊಫೆನ್, ಹೊತ್ತಿಗೆ ಸರಿಯಾಗಿ, ಊಟದ ನಂತರ. ಮೂರು ತಿಂಗಳು ದಿನಾಂಕ ಬರೆದಿಟ್ಟುಕೊಂಡು ಬರಲಿ. ನೋವು ರಕ್ತಕ್ಕಿಂತ ಮುಂಚೆ ಬರತೊಡಗಿದರೆ ಅಥವಾ ಶಾಲೆ ತಪ್ಪಿದರೆ ಆ ಮೂರು ತಿಂಗಳೂ ಕಾಯಬೇಡಿ ಅಂತ ಹೇಳಿ ಕಳಿಸಿದ್ದಾರೆ.